ನಾವು ಬರೆದ ನಾಲ್ಕು ಪುಟದ ಮನವಿ

ಮೂಡಿಗೆರೆ ಕಡೆ ನಲವತ್ತು ಮನೆಯ ಊರು, ಆನೆ ಕಾಟ. ಮುಂದಿನ ಚುನಾವಣೆಗೆ ಮತದಾನ ಬಹಿಷ್ಕಾರದ ಬ್ಯಾನರ್ ಕಟ್ಟೋದಾ, ಇಲ್ಲಾ ಬೆಳೆಗಾರರ ಸಂಘದೋರೆಲ್ಲ ಒಟ್ಟಿಗೆ ಒಂದು ಪಕ್ಷ ಸೇರೋದಾ, ಸರ್ಕಾರ ಯಾವುದಕ್ಕೆ ಬಗ್ಗುತ್ತೆ ಅಂತ ಕೇಳಿದ್ದೀರಿ. ಮೂಡಿಗೆರೆ ಅನ್ನೋ ಕಡೆ ಆಲೂರು ಅಂತ ಹಾಕಿದ್ರೆ ಈ ಪ್ರಶ್ನೆ ನಾನೇ ಬರೆದ ಹಾಗಿದೆ. ನಾವು ಎರಡನ್ನೂ ಮಾಡಿ ನೋಡಿದ್ವಿ.

ನಂದು ಆಲೂರು-ಸಕಲೇಶಪುರದ ಗಡೀಲಿ ಆರು ಎಕರೆ ರೋಬಸ್ಟಾ ಕಾಫಿ, ಕೆಳಗೆ ಒಂದೂವರೆ ಎಕರೆ ಗದ್ದೆ. 2014ರಲ್ಲಿ ಆಲೂರು ಭಾಗದಿಂದ 22 ಆನೆ ಹಿಡಿದು ಲಾರಿ ಹತ್ತಿಸಿದ್ರು. ಅದನ್ನ ಕಣ್ಣಾರೆ ನೋಡಿದೋರು ನಾವು. ನೋಡಿ ಏನು ಅಂದ್ಕೊಂಡ್ವಿ? ಬೆಂಗಳೂರು-ಮಂಗಳೂರು ರಸ್ತೆ ತಡೆದದ್ದಕ್ಕೆ, ಟೈರ್ ಸುಟ್ಟದ್ದಕ್ಕೆ ಸರ್ಕಾರ ಹೆದರಿ ಆನೆ ಹಿಡೀತು ಅಂತ. ಆದ್ರೆ ಅದಕ್ಕೂ ಮೊದಲೇ ಹೈಕೋರ್ಟಲ್ಲಿ ಕೇಸು ನಡೆದು, ಕೋರ್ಟೇ ಆನೆ ತಜ್ಞ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೇಲಿ ಕಾರ್ಯಪಡೆ ಮಾಡಿಸಿ, ಅದು 2012ರಲ್ಲಿ ವರದಿ ಕೊಟ್ಟಿತ್ತು. ಎಲ್ಲಿ ಆನೆ ಇರಬೇಕು, ಎಲ್ಲಿ ಆನೆ-ಮನುಷ್ಯ ಹೊಂದ್ಕೊಂಡಿರಬೇಕು, ಎಲ್ಲಿಂದ ಆನೇನ ತೆಗೀಬೇಕು ಅಂತ ಮೂರು ವಲಯ ಮಾಡಿದ್ರು. ತೆಗೀಬೇಕು ಅನ್ನೋದರಲ್ಲಿ ನಮ್ಮ ಆಲೂರು ಇತ್ತು. ರಸ್ತೆ ತಡೆ ಏನೂ ಮಾಡಲಿಲ್ಲ ಅನ್ನಲ್ಲ, ಆದ್ರೆ ಅದರ ಹಿಂದೆ ಒಂದು ಕಾಗದ ಇತ್ತು. ನಮಗೆ ಕಂಡಿದ್ದು ಬರೀ ಹೊಗೆ.

ಕೆಲವು ವರ್ಷಕ್ಕೆ ಆನೆ ಮತ್ತೆ ಬಂದ್ವು. ನಾನಾಗ ಸಂಘದ ಕಾರ್ಯದರ್ಶಿ. ಮೊದಲು ಬ್ಯಾನರ್ ಕಟ್ಟಿದ್ವಿ. ಕಟ್ಟಿದ ಸಂಜೇನೇ ಅಧಿಕಾರಿಗಳು ಬಂದು ಕೂತು ಮಾತಾಡಿದ್ರು, ಮೂರು ಪಕ್ಷದೋರೂ ಬಂದು ಕಾಫಿ ಕುಡಿದು ಮಾತು ಕೊಟ್ರು, ಬ್ಯಾನರ್ ಬಿಚ್ಚಿದ್ವಿ. ಆಮೇಲೆ ಯಾರೂ ತಿರುಗಿ ನೋಡಲಿಲ್ಲ. ಯಾಕೆ ನೋಡ್ತಾರೆ? ನೀವು ವೋಟೇ ಹಾಕಲ್ಲ ಅಂದ್ರೆ ಎಲ್ಲಾ ಅಭ್ಯರ್ಥಿಗೂ ಒಂದೇ ನಷ್ಟ. ಅಂದ್ರೆ ಯಾರಿಗೂ ನಷ್ಟ ಇಲ್ಲ.

ಆಮೇಲೆ ಬಂದ ಇನ್ನೊಂದು ಚುನಾವಣೇಲಿ ಸಂಘದ ಅರ್ಧ ಜನ ಒಂದು ಪಕ್ಷದ ಶಾಲು ಹಾಕ್ಕೊಂಡ್ರು. ಆ ಪಕ್ಷ ಸೋತಿತು. ಗೆದ್ದ ಕಡೆಯ ಒಬ್ಬ ಮರಿ ಲೀಡರು "ನಿಮ್ಮೋರ ಹತ್ರಾನೇ ಕೇಳ್ಕೊಳ್ಳಿ" ಅಂದ. ಗೆದ್ದಿದ್ರೂ ಅಷ್ಟೇ ಅನ್ಸುತ್ತೆ. ಜೇಬಲ್ಲಿರೋ ವೋಟನ್ನ ಯಾರು ಓಲೈಸ್ತಾರೆ? ಪಕ್ಷಕ್ಕೆ ಕುರ್ಚಿ ಬೇಕು, ಸಂಘಕ್ಕೆ ಕುರ್ಚೀಲಿ ಕೂತೋನ ಕಿವಿ ಬೇಕು. ಎರಡೂ ಕಸುಬು ಒಬ್ಬನೇ ಮಾಡೋಕಾಗಲ್ಲ. 1980ರ ನರಗುಂದ-ನವಲಗುಂದದ ರೈತ ಹೋರಾಟಕ್ಕೆ ಸರ್ಕಾರವೇ ನಡುಗಿತ್ತು. ಆ ಕಾಲದಲ್ಲಿ ಹುಟ್ಟಿದ ರೈತ ಸಂಘ ಈಗ ಎಷ್ಟು ಬಣ ಅಂತ ಹಸಿರು ಶಾಲಿನೋರನ್ನೇ ಕೇಳಿ.

ಇದೆಲ್ಲ ಸಣ್ಣ ತಪ್ಪು. ನಿಜವಾದ ತಪ್ಪು ಮನವೀಲಿ ಆಯ್ತು, ಅದನ್ನ ಬಿಡಿಸಿ ಹೇಳಲೇಬೇಕು.

ಮುನ್ನೂರು ಜನ ಮೆರವಣಿಗೆ ಹೋಗಿ ನಾಲ್ಕು ಪುಟದ ಮನವಿ ಕೊಟ್ವಿ. ರಾತ್ರಿಯೆಲ್ಲ ಕೂತು ಬರೆದೋನು ನಾನೇ. ಯಾರ ಗದ್ದೇಲಿ ಎಷ್ಟು ಭತ್ತ ತುಳೀತು, ಎಷ್ಟು ಬಾಳೆ, ಎಷ್ಟು ಅಡಿಕೆ ಮರ, ಎಷ್ಟು ಕಾಫಿ ಗಿಡ, ಮುರಿದ ಗೇಟು, ಒಡೆದ ನೀರಿನ ಪೈಪು. ಕೊನೇಲಿ "ಆದ್ದರಿಂದ ಸದರಿ ಆನೆಗಳನ್ನು ಕೂಡಲೇ ಸ್ಥಳಾಂತರಿಸಬೇಕು". ಓದಿದೋರೆಲ್ಲ ಭೇಷ್ ಅಂದ್ರು.

ತಿಂಗಳು ಬಿಟ್ಟು ಅರಣ್ಯ ಇಲಾಖೆಯ ಒಬ್ಬ ಅಧಿಕಾರಿ ಕರೆಸಿದ್ರು. ಒಳ್ಳೇ ಮನುಷ್ಯ. "ಯಜಮಾನ್ರೇ, ಈ ಕಾಗದ ಇಟ್ಕೊಂಡು ನಾನು ಪ್ರಸ್ತಾವನೇನೂ ಕಳಿಸೋಕಾಗಲ್ಲ" ಅಂದ್ರು. ಪುಸ್ತಕ ತೆಗೆದು ತೋರಿಸಿದ್ರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಸೆಕ್ಷನ್ 11. ಆನೆ ಇರೋದು ಶೆಡ್ಯೂಲ್ ಒಂದರಲ್ಲಿ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟೀಲಿ. ಅದನ್ನ ಹಿಡೀಬೇಕು ಅಂದ್ರೆ ಅದು ಮನುಷ್ಯನ ಜೀವಕ್ಕೆ ಅಪಾಯ, ಇಲ್ಲಾ ವಾಸಿಯಾಗದಷ್ಟು ಗಾಯ-ಕಾಯಿಲೆ ಆಗಿದೆ ಅಂತ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಿ, ಅವರು ಕಾರಣ ಬರೆದು ಆದೇಶ ಮಾಡಬೇಕು. ನಿಂತ ಬೆಳೆ ಹಾಳಾಯ್ತು ಅನ್ನೋದು ಬೇರೆ ಶೆಡ್ಯೂಲಿನ ಪ್ರಾಣಿಗೆ ಕಾರಣ ಆಗುತ್ತೆ, ಆನೆಗೆ ಆಗಲ್ಲ. ಬೆಳೆಗೆ ಪರಿಹಾರ ಉಂಟು, ಅದು ಬೇರೆ ಫೈಲು. ನಾಲ್ಕು ಪುಟ ಬರೆದಿದ್ದೆನಲ್ಲ, ಅದರಲ್ಲಿ ಕಾನೂನಿಗೆ ಬೇಕಾದ ಒಂದು ಸಾಲೂ ಇರಲಿಲ್ಲ.

"ಯಾರಿಗೂ ಪೆಟ್ಟಾಗಿಲ್ವಾ?" ಅಂತ ಕೇಳಿದ್ರು.

ಆಗಿತ್ತು. ಹಿಂದಿನ ಕುಯ್ಲಲ್ಲಿ ನಮ್ಮ ತೋಟದಲ್ಲೇ. ಬೆಳಿಗ್ಗೆ ಏಳೂವರೆ, ಮಂಜು. ಲೈನ್‌ಮನೆಯ (ತೋಟದ ಆಳುಗಳ ಸಾಲುಮನೆ) ಒಬ್ಬ ಹೆಂಗಸನ್ನ ಒಂಟಿ ಸಲಗ ಅಟ್ಟಿಸ್ಕೊಂಡು ಬಂತು, ಓಡೋವಾಗ ಚರಂಡಿಗೆ ಬಿದ್ದು ಕಾಲು ಮುರೀತು. ನಾನೇ ಜೀಪಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದೆ, ಖರ್ಚೂ ನಾನೇ ಕೊಟ್ಟೆ. ಆನೆ ಅಂತ ಸುದ್ದಿ ಹಬ್ಬಿದ್ರೆ ಕುಯ್ಲಿಗೆ ಆಳು ಬರಲ್ಲ, ಹಣ್ಣು ಗಿಡದಲ್ಲೇ ಉದುರಿ ಹೋಗುತ್ತೆ ಅನ್ನೋ ಹೆದರಿಕೆ. ಆಸ್ಪತ್ರೆ ಚೀಟೀಲಿ "ಕಾಲು ಜಾರಿ ಬಿದ್ದು" ಅಂತ ಬರೆಸಿದ್ದೂ ನಾನೇ. ಆ ಒಂದು ಸಾಲಿಂದ ಅವಳಿಗೆ ಸಿಗಬೇಕಿದ್ದ ಪರಿಹಾರವೂ ಹೋಯ್ತು, ಆನೆ ಮೇಲಿನ ದಾಖಲೆಯೂ ಹೋಯ್ತು. ಸರ್ಕಾರದ ಲೆಕ್ಕದಲ್ಲಿ ನಮ್ಮೂರ ಸಲಗ ಯಾರ ತಂಟೆಗೂ ಹೋಗದ ಸಾಧು. ಪಕ್ಕದ ಊರಲ್ಲೂ ಎರಡು ಸಲ ಹೀಗೇ ಆಗಿ, ಹೀಗೇ ಮುಚ್ಚಿದ್ರು ಅಂತ ಆಮೇಲೆ ಗೊತ್ತಾಯ್ತು.

ಮುಂದಿನ ಮಳೆಗಾಲ ಮುಗಿಯೋ ಹೊತ್ತಿಗೆ ಅದೇ ಸಲಗ ಒಬ್ಬರನ್ನ ತುಳಿದು ಕೊಂದಿತು. ಆದೇಶ ಆಗ ಬಂತು. ನಮ್ಮ ಮೆರವಣಿಗೆಯ ಫೋಟೋ ಸಂಘದ ಗೋಡೇಲಿ ಇನ್ನೂ ಇದೆ, ನಾನು ಆ ಕಡೆ ನೋಡಲ್ಲ.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟಿದೀನಿ. ತಾರೀಖು, ಗಂಟೆ, ಜಾಗ, ಯಾವ ಆನೆ (ದಂತ, ಕಿವಿಯ ಹರಕು, ಬಾಲ ನೋಡಿ ಗುರುತು), ಯಾರನ್ನ ಅಟ್ಟಿಸಿತು, ನೋಡಿದೋರ ಹೆಸರು. ಫಾರೆಸ್ಟ್ ಗಾರ್ಡ್ ಬಂದಾಗ ಅವರಿಂದ ಸಹಿ. "ಎಲ್ಲಾ ಆನೆ ಹಿಡೀರಿ" ಅಂದ್ರೆ ಯಾರೂ ಹಿಡಿಯಲ್ಲ, "ಈ ಆನೆ" ಅನ್ನಬೇಕು. ಆ ಪುಸ್ತಕದ ನಕಲನ್ನ ಆಡಳಿತ ಪಕ್ಷದೋರಿಗೂ ಕೊಟ್ವಿ, ವಿರೋಧ ಪಕ್ಷದೋರಿಗೂ ಕೊಟ್ವಿ. ವಿರೋಧ ಪಕ್ಷದೋರನ್ನ ಯಾರೂ ಕೇಳಲ್ಲ, ಅದೇ ದಡ್ಡತನ. ಸದನದಲ್ಲಿ ಪ್ರಶ್ನೆ ಕೇಳೋ ಹಸಿವು ಅವರಿಗೇ ಜಾಸ್ತಿ. ಚುಕ್ಕೆ ಗುರುತಿನ ಪ್ರಶ್ನೆ ಬಿತ್ತು ಅಂದ್ರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಅದಕ್ಕೆ ಇಲಾಖೆ ಕೆಳಗಿನಿಂದ ಅಂಕಿ ತರಿಸಬೇಕು, ಆಗ ರೇಂಜ್ ಆಫೀಸಲ್ಲಿ ನಿಮ್ಮ ಊರಿನ ಹೆಸರಿರೋ ಫೈಲು ಹುಟ್ಟುತ್ತೆ. ಮುನ್ನೂರು ಜನ ಕೂಗಿದ್ರೂ ಹುಟ್ಟದ ಫೈಲು. ಆನೆ ತಡೆಯೋ ಬೇಲಿಗೆ, ರೈಲ್ವೆ ಕಂಬಿಯ ತಡೆಗೋಡೆಗೆ ದುಡ್ಡು ಬೇಕು ಅಂದ್ರೆ ಬಜೆಟ್ ಓದಿದ ಮೇಲೆ ಹೋಗಬೇಡಿ, ದೀಪಾವಳಿ ಆಸುಪಾಸಲ್ಲೇ ಹೋಗಿ.

ಇನ್ನೊಂದು, ಯಾರ ಬಾಗಿಲು ಅಂತ ಮೊದಲು ತಿಳ್ಕೊಳ್ಳಿ. ನಮ್ಮ ಪಕ್ಕದ ಸಂಘದೋರು ಕಾಫಿ ವಿಷಯಕ್ಕೆ ರಾಜ್ಯದ ಕೃಷಿ ಮಂತ್ರಿ ಹತ್ರ ಹೋಗಿ ಹಾರ ಹಾಕಿ ಬಂದ್ರು. ಕಾಫಿ ಬೋರ್ಡ್ ಇರೋದು ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ. ಹಾರದ ದುಡ್ಡು ದಂಡ.

ಆನೆ ಹಿಡಿದ್ರೆ ಎಲ್ಲ ಸರಿಹೋಗುತ್ತೆ ಅಂತಾನೂ ನಾನು ಹೇಳ್ತಿಲ್ಲ. 22 ಹೋದ್ವು, ಬೇರೆ ಬಂದ್ವು. 2023ರ ಡಿಸೆಂಬರಲ್ಲಿ ಯಸಳೂರು ಕಡೆ ಕಾಡಾನೆ ಕಾರ್ಯಾಚರಣೇಲಿ ದಸರಾ ಆನೆ ಅರ್ಜುನನೇ ಸತ್ತ. ಅವತ್ತು ನಮ್ಮೂರಲ್ಲಿ ಆನೆಗೆ ಶಾಪ ಹಾಕೋರೂ ಅತ್ತರು.

ಬಹಿಷ್ಕಾರ, ಪಕ್ಷ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ನಲವತ್ತು ಮನೇಲಿ ಹೋದ ಎರಡು ಮೂರು ಕುಯ್ಲಲ್ಲಿ ಯಾರು ಬಿದ್ರು, ಯಾರ ಕೈಕಾಲು ಮುರೀತು ಅಂತ ಮನೆಮನೆಗೆ ಹೋಗಿ ಕೇಳಿ. ಲೈನ್‌ಮನೆಗೆ ಮೊದಲು ಹೋಗಿ. ಆಸ್ಪತ್ರೆ ಚೀಟಿ ಇದ್ರೆ ತೆಗೆಸಿ, ಅದರಲ್ಲಿ ಏನು ಬರೆದಿದೆ ಅಂತ ಓದಿ ನೋಡಿ.