ಟೇಬಲ್ ಕ್ಲಾತ್ ಮತ್ತು ರೇಷ್ಮೆ ಸೀರೆ ಮೇಲೆ ಬಿದ್ದ ಫುಡ್ ಕಲರ್ ಕಲೆ ಹೇಗೆ ತೆಗೆಯೋದು?

ಬಿಸಿನೀರೂ ಬೇಡ, ವಿನೆಗರೂ ಬೇಡ. ಕೇಸರಿಬಾತಿಗೆ ಕಲಸಿಟ್ಟ ಬಣ್ಣ ಚೆಲ್ಲಿ ಬಿಳಿ ಕಾಟನ್ ಟೇಬಲ್ ಕ್ಲಾತೂ ಅಮ್ಮನ ರೇಷ್ಮೆ ಸೆರಗೂ ಕಲೆಯಾಗಿವೆ, ಬಿಸಿನೀರು, ವಿನೆಗರ್ ಇವೆರಡರಲ್ಲಿ ಏನು ಹಾಕಲಿ ಅಂತ ಕೇಳಿದ್ದೀರಿ. ಎರಡು ಬಟ್ಟೆಗೂ ಒಂದೇ ಮದ್ದು ಮಾಡಬೇಡಿ. ಮೊದಲು ಸೀರೆ ನೋಡಿಕೊಳ್ಳಿ, ಟೇಬಲ್ ಕ್ಲಾತ್ ಸ್ವಲ್ಪ ಕಾದರೂ ನಡೆಯುತ್ತದೆ.

ದಾವಣಗೆರೆಯಲ್ಲಿ ನಮ್ಮ ಮನೆಯವರದು ಮದುವೆ ಅಡುಗೆ ಕೆಲಸ. ಕೇಸರಿಬಾತ್, ಜಿಲೇಬಿ, ಬೂಂದಿ ಅಂತ ಸೀಸನ್ನಿನಲ್ಲಿ ಬಣ್ಣದ ಕಲೆ ಇಲ್ಲದ ಟವೆಲ್ಲೇ ಮನೆಗೆ ಬರುವುದಿಲ್ಲ. ನಾನು ನೋಡಿದ ಮಟ್ಟಿಗೆ, ಕಲೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಬಟ್ಟೆ ಯಾವುದು ಅನ್ನುವುದೇ ಮುಖ್ಯ.

ಕಾರಣ ಹೇಳುತ್ತೇನೆ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಥರದ ಫುಡ್ ಕಲರ್‌ಗಳು ನೀರಿನಲ್ಲಿ ಕರಗುತ್ತವೆ. ಹತ್ತಿ ನೂಲಿನ ಮೇಲೆ ಅವುಗಳ ಹಿಡಿತ ಸಡಿಲ. ಪಾಲಿಯೆಸ್ಟರ್ ಮೇಲಂತೂ ನಿಲ್ಲುವುದೇ ಕಷ್ಟ. ಆದರೆ ರೇಷ್ಮೆ, ಉಣ್ಣೆ, ನೈಲಾನ್ ಹಾಗಲ್ಲ. ಹುಳಿ ಮತ್ತು ಬಿಸಿ ಸಿಕ್ಕರೆ ಬಣ್ಣ ಇವುಗಳಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಉಣ್ಣೆಗೆ ಮನೆಯಲ್ಲೇ ಬಣ್ಣ ಹಾಕುವವರು ಬೇಕಂತಲೇ ಫುಡ್ ಕಲರಿಗೆ ವಿನೆಗರ್ ಸೇರಿಸಿ ಬಿಸಿ ಮಾಡುತ್ತಾರೆ. ನಿಂಬೆಹಣ್ಣು ಉಜ್ಜಿ ಅನ್ನುವವರ ಮಾತನ್ನು ಸೀರೆ ವಿಷಯದಲ್ಲಂತೂ ಕೇಳಲೇಬೇಡಿ.

ಸೆರಗಿನಡಿ ಒಂದು ಬಿಳಿ ಬಟ್ಟೆ ಇಡಿ. ತಣ್ಣೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒತ್ತಿ, ಉಜ್ಜಬೇಡಿ. ಕೆಳಗಿನ ಬಟ್ಟೆಗೆ ಬಣ್ಣ ಇಳಿಯುವುದು ನಿಂತ ಮೇಲೆ ನೀವೂ ನಿಲ್ಲಿಸಿ. ಉಳಿದದ್ದು ಡ್ರೈಕ್ಲೀನಿಂಗಿನವರ ಕೆಲಸ. ಬಿದ್ದದ್ದು ಫುಡ್ ಕಲರ್ ಅಂತ ಅವರಿಗೆ ಬಾಯಿಬಿಟ್ಟು ಹೇಳಿ. ಜರಿ ಇದ್ದರೆ ಮನೆಯಲ್ಲಿ ಯಾವ ಕೆಮಿಕಲ್ಲೂ ಬೇಡ.

ಇನ್ನು ಟೇಬಲ್ ಕ್ಲಾತ್. ಅದರ ಮೇಲೆ ಒಣ ಪುಡಿಯೂ ಉದುರಿದ್ದರೆ ನೀರು ತಾಗಿಸುವ ಮೊದಲು ಹೊರಗೆ ತೆಗೆದುಕೊಂಡು ಹೋಗಿ ಚೆನ್ನಾಗಿ ಕೊಡವಿ. ಕಣ್ಣಿಗೂ ಕಾಣದ ಒಂದು ಕಾಳು ಒದ್ದೆಯಾದರೆ ಸಾಕು, ನೋಡನೋಡುತ್ತಾ ಹೆಬ್ಬೆರಳಗಲ ಹರಡುತ್ತದೆ. ಆಮೇಲೆ ಕಲೆಯ ಹಿಂಬದಿಯಿಂದ ನಲ್ಲಿ ನೀರು ಬಿಡಿ. ಮೊದಲು ಕಡುಕೇಸರಿ ಇಳಿಯುತ್ತದೆ, ಆಮೇಲೆ ತೆಳು ಹಳದಿ. ನೀರು ತಿಳಿಯಾಗುವವರೆಗೂ ಸೋಪು ಬೇಡ. ನಂತರ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ, ಕೇಸರಿಬಾತಿನ ತುಪ್ಪದ ಜಿಡ್ಡು ಅದರಿಂದಲೇ ಬಿಡುವುದು. ಬೋರ್ ನೀರು ಗಡಸಾಗಿದ್ದರೆ ಈ ಕೆಲಸಕ್ಕೆ ಕಾರ್ಪೊರೇಷನ್ ನೀರು ಹಿಡಿದಿಟ್ಟುಕೊಳ್ಳಿ.

ಇನ್ನೂ ನೆರಳು ಉಳಿದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಬಾಟಲಿ ಮೇಲೆ 6% ಅಂತಿದ್ದರೆ ಅಷ್ಟೇ ನೀರು ಬೆರೆಸಿ, ಕಲೆ ಮೇಲೆ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಸೋಡಿಯಂ ಪರ್ಕಾರ್ಬೊನೇಟ್ ಇರುವ ವ್ಯಾನಿಷ್ ಥರದ ಪುಡಿಯಲ್ಲಿ ನೆನೆಸಿದರೂ ಆಗುತ್ತದೆ. ಬಣ್ಣದ ಬಟ್ಟೆಯಾದರೆ ಮಡಿಕೆಯ ಒಳಗಡೆ ಒಂದು ಹನಿ ಹಾಕಿ ನೋಡಿಯೇ ಮುಂದುವರಿಯಿರಿ. ಬ್ಲೀಚ್ ಬಿಳಿ ಕಾಟನ್ನಿಗೆ ಮಾತ್ರ. ಅದರ ಜೊತೆ ವಿನೆಗರನ್ನಾಗಲಿ ಟಾಯ್ಲೆಟ್ ಕ್ಲೀನರನ್ನಾಗಲಿ ಸೇರಿಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ದಯವಿಟ್ಟು ಬೇಡ.

ಸೋಪು ಹಾಕಿದ ತಕ್ಷಣ ಹಳದಿ ಕಲೆ ಕೆಂಪಾದರೆ ಅದು ಫುಡ್ ಕಲರ್ ಅಲ್ಲ, ಅರಿಶಿನ. ಗಾಬರಿ ಬೇಡ, ಸೋಪು ಹೋಗುವಂತೆ ತೊಳೆದು ಬಿಸಿಲಿಗೆ ಹಾಕಿ. ನಮ್ಮೂರಿನ ಬಿಸಿಲಿಗೆ ಅರಿಶಿನ ತಾನಾಗಿಯೇ ಮಾಸುತ್ತದೆ.

ಇನ್ನೊಂದು ಮಾತು, ಇದು ಬಟ್ಟೆಗಿಂತ ದೊಡ್ಡದು. ಜಾತ್ರೆಯ ಬೊಂಬಾಯಿ ಮಿಠಾಯಿಯ ಗುಲಾಬಿ ಕಲೆ ಏನು ಮಾಡಿದರೂ ಬಿಡದಿದ್ದರೆ, ಅದರಲ್ಲಿ ರೋಡಮೈನ್-ಬಿ ಇರಬಹುದು. ಅದು ಬಟ್ಟೆಗೆ ಹಾಕುವ ಬಣ್ಣ, ತಿನ್ನುವುದಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಇಂಥದ್ದು ಸಿಕ್ಕಿದ್ದಕ್ಕೇ. ಅಂಥ ಕಡೆ ಮಕ್ಕಳಿಗೆ ಮತ್ತೆ ಕೊಡಿಸಬೇಡಿ.

ಕಲೆ ಪೂರ್ತಿ ಹೋಗಿದೆಯಾ ಅಂತ ಹಗಲು ಬೆಳಕಿನಲ್ಲಿ ನೋಡುವ ತನಕ ಟೇಬಲ್ ಕ್ಲಾತಿಗೆ ಇಸ್ತ್ರಿ ಮಾತ್ರ ಹಾಕಬೇಡಿ. ಸೆರಗಿನ ಕಲೆ ಹಸಿಯಾಗಿಯೇ ಇದ್ದರೆ ಇವತ್ತೇ ಶುರು ಮಾಡಿ.