ಐವತ್ತು ಜನರ ಊರಿಗೊಂದು ಗೋಡೆ

ಪ್ರಶ್ನೆ: ಮಗಳು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದಾಳೆ. ಬೇಸಿಗೆಯಲ್ಲಿ ನಾನೂ ನಮ್ಮ ಯಜಮಾನರೂ ಹೋಗುತ್ತಿದ್ದೇವೆ. ಮ್ಯೋಡ್ಲರಾಯ್ಟ್ ಎಂಬ ಹಳ್ಳಿ ತೋರಿಸುತ್ತೇನೆ, ಅಲ್ಲೂ ಬರ್ಲಿನ್ನಿನ ಹಾಗೆ ಗೋಡೆ ಇತ್ತು ಅನ್ನುತ್ತಾಳೆ. ಅಷ್ಟು ಚಿಕ್ಕ ಊರಿಗೆ ಗೋಡೆ ಯಾಕೆ? ಈಗ ನೋಡುವುದಕ್ಕೆ ಏನಾದರೂ ಉಳಿದಿದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಮಗಳ ಮಾತು ಕೇಳಿ, ಹೋಗಿ ಬನ್ನಿ. ನಾನು ಹೋದ ದಿನ ಜಿಟಿಜಿಟಿ ಮಳೆ. ಕೊಡೆ ಹಿಡಿದುಕೊಂಡೇ ಊರೆಲ್ಲ ಸುತ್ತಿದೆ. ಅದಕ್ಕೆ ಜಾಸ್ತಿ ಹೊತ್ತೇನೂ ಬೇಕಾಗಲಿಲ್ಲ. ಜನ ಐವತ್ತರ ಆಸುಪಾಸು. ಒಂದು ಕೊಳ, ರೈತರ ಮನೆಗಳು, ಕೊಟ್ಟಿಗೆಗಳು. ನಡುವೆ ಟಾನ್‌ಬಾಖ್ ಎಂಬ ತೊರೆ. ತೊರೆ ಅಂತ ಮರ್ಯಾದೆಗೆ ಅಂದೆ. ನಮ್ಮ ಗದ್ದೆ ಕಾಲುವೆಯಷ್ಟು ಇದೆ ಅಷ್ಟೇ. ತಂಟೆಯೆಲ್ಲ ಶುರುವಾಗಿದ್ದು ಅದರಿಂದಲೇ.

1810ರಲ್ಲಿ ಈ ತೊರೆಯ ಉದ್ದಕ್ಕೂ ಗಡಿಕಲ್ಲು ನೆಟ್ಟರು. ಒಂದು ದಡ ಬವೇರಿಯಾ ರಾಜ್ಯದ್ದು, ಇನ್ನೊಂದು ರಾಯ್ಸ್ ಎಂಬ ಪುಟ್ಟ ಸಂಸ್ಥಾನದ್ದು. ಮುಂದೆ ಅದು ಟ್ಯೂರಿಂಗನ್ ರಾಜ್ಯಕ್ಕೆ ಸೇರಿತು. ಊರಿನವರು ಇದನ್ನು ತಲೆಗೇ ಹಚ್ಚಿಕೊಳ್ಳಲಿಲ್ಲ. ಶಾಲೆ, ಬಿಯರ್ ಕುಡಿಯುವ ಜಾಗ ಟ್ಯೂರಿಂಗನ್ ದಡದಲ್ಲಿ. ಚರ್ಚಿಗೆ ಮಾತ್ರ ಎಲ್ಲರೂ ಬವೇರಿಯಾ ಕಡೆಯ ಟ್ಯೋಪೆನ್‌ಗೆ ನಡೆದು ಹೋಗುತ್ತಿದ್ದರು. ಗಡಿ ಇದ್ದದ್ದು ಕಾಗದದ ಮೇಲೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬವೇರಿಯಾ ಅಮೆರಿಕದವರ ಪಾಲಿಗೆ, ಟ್ಯೂರಿಂಗನ್ ಸೋವಿಯತ್ ಪಾಲಿಗೆ ಬಂತು. 1949ರಲ್ಲಿ ಎರಡು ಜರ್ಮನಿಗಳಾದವು: ಬವೇರಿಯಾ ಪಶ್ಚಿಮ ಜರ್ಮನಿಗೆ, ಟ್ಯೂರಿಂಗನ್ ಪೂರ್ವ ಜರ್ಮನಿಗೆ. ಹಳೇ ಗಡಿಕಲ್ಲೇ ದೇಶದ ಗಡಿಯಾಯಿತು! 1952ರಲ್ಲಿ ಪೂರ್ವದವರು ಗಡಿಯಿಂದ 5 ಕಿಲೋಮೀಟರ್ ಒಳಗೆ ಪರವಾನಗಿ ಇಲ್ಲದೆ ಯಾರೂ ಬರಬಾರದು ಅಂದರು. ಸರ್ಕಾರಕ್ಕೆ ನಂಬಿಕೆ ಇಲ್ಲದ ಕುಟುಂಬಗಳನ್ನು ಎಬ್ಬಿಸಿ ದೂರ ಸಾಗಿಸಿದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರು 'ಕ್ರಿಮಿಕೀಟ' ಎಂಬರ್ಥದ್ದು. ಮೊದಲು ಮರದ ಬೇಲಿ, 1966ರಲ್ಲಿ ಕಾಂಕ್ರೀಟ್ ಗೋಡೆ. ಉದ್ದ 700 ಮೀಟರ್, ಎತ್ತರ 3 ಮೀಟರಿಗೂ ಜಾಸ್ತಿ. ಕಾರಣ ಬರ್ಲಿನ್ನಿನದೇ: ತಮ್ಮ ಜನ ಓಡಿಹೋಗಬಾರದು. ಅಮೆರಿಕದ ಸೈನಿಕರು ಈ ಊರಿಗೆ 'ಪುಟ್ಟ ಬರ್ಲಿನ್' ಅಂತಲೇ ಹೆಸರಿಟ್ಟರು.

ನನ್ನನ್ನು ಜಾಸ್ತಿ ಕಾಡಿದ್ದು ಗೋಡೆಯ ಎತ್ತರ ಅಲ್ಲ, ಕೈ ಬೀಸುವ ವಿಚಾರ. ಪಶ್ಚಿಮದ ಕಡೆ ದಿನ್ನೆಯ ಮೇಲೆ ನಿಂತು ನೀವು ಎಷ್ಟು ಬೇಕಾದರೂ ಕೈ ಬೀಸಬಹುದಿತ್ತು. ಪೂರ್ವದವರು ತಿರುಗಿ ಬೀಸುವ ಹಾಗಿರಲಿಲ್ಲ. ಆಚೆ ದಡದಲ್ಲಿ ಸೋದರತ್ತೆ ಬಟ್ಟೆ ಒಣಹಾಕುತ್ತಿದ್ದಾಳೆ, ನಿಮ್ಮನ್ನು ನೋಡಿದ್ದಾಳೆ, ಕೈ ಮಾತ್ರ ಎತ್ತುವುದಿಲ್ಲ. ಆಕೆಗೆ ಕೋಪ ಬಂದಿದೆಯೋ, ಭಯವೋ ಅಂತ ಚಿಕ್ಕ ಮಕ್ಕಳಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಈ ಗೋಡೆ ಹತ್ತಿ ದಾಟಿದವನೂ ಇದ್ದಾನೆ. 1973ರಲ್ಲಿ ಒಬ್ಬ ಏಣಿ ಹಾಕಿ ಈಚೆ ಬಂದ.

ಬರ್ಲಿನ್ ಗೋಡೆ ತೆರೆದು ಸರಿಯಾಗಿ ಒಂದು ತಿಂಗಳಿಗೆ, 1989ರ ಡಿಸೆಂಬರ್ 9ರಂದು, ಇಲ್ಲೂ ಓಡಾಡಲು ದಾರಿ ಬಿಟ್ಟರು. ಮುಂದಿನ ಜೂನ್ 17ಕ್ಕೆ ಬುಲ್ಡೋಜರ್ ಬಂತು. ಪುಣ್ಯಕ್ಕೆ ಸುಮಾರು 100 ಮೀಟರ್ ಗೋಡೆ ಉಳಿಸಿಕೊಂಡಿದ್ದಾರೆ. ಅದರ ಜೊತೆಗೆ ಕಾವಲು ಗೋಪುರ, ತಂತಿಬೇಲಿ, ಮ್ಯೂಸಿಯಂ ಇವೆ. ಗಡಿಕಲ್ಲುಗಳನ್ನು ಮಾತ್ರ ಬಿಡಬೇಡಿ. ಸುಮ್ನೆ ದಾಟಿ ಹೋಗುವವರೇ ಜಾಸ್ತಿ. ಗೋಡೆಗಿಂತ ಹಳೆಯವು ಅವೇ.

ಇನ್ನೊಂದು ತಮಾಷೆ. ಊರು ಈಗಲೂ ಎರಡು ರಾಜ್ಯಗಳಲ್ಲಿದೆ! ಇಬ್ಬರು ಮೇಯರ್, ಎರಡು ಪಿನ್‌ಕೋಡ್. ನಮಸ್ಕಾರ ಹೇಳುವುದಕ್ಕೆ ಬವೇರಿಯಾ ದಡದಲ್ಲಿ ಎದುರಾದವರು 'ಗ್ರ್ಯೂಸ್ ಗಾಟ್' ಅಂದರೆ, ಆಚೆ ದಡದವರು 'ಗುಟನ್ ಟಾಗ್' ಅನ್ನುತ್ತಾರೆ. ಎರಡನ್ನೂ ಮಗಳಿಂದ ಕಲಿತುಕೊಂಡು ಹೋಗಿ.

ನ್ಯೂರೆಂಬರ್ಗ್‌ನಿಂದ ಹೋಫ್‌ಗೆ ರೈಲಿದೆ. ಅಲ್ಲಿಂದ ಕಾರೇ ವಾಸಿ. ಬುತ್ತಿ ಕಟ್ಟಿಕೊಳ್ಳಿ. ಐವತ್ತು ಜನರ ಊರಿನಲ್ಲಿ ಅಂಗಡಿ ಹುಡುಕುವ ಕೆಲಸ ಬೇಡ.