ಓದುಗರ ಪ್ರಶ್ನೆ: ಚಿಕ್ಕಮಗಳೂರು ಯಾರ ಕಡೆ?

ಪ್ರಶ್ನೆ: ಸರ್, ಹಾಸನದಿಂದ ವರ್ಗವಾಗಿ ಚಿಕ್ಕಮಗಳೂರಿಗೆ ಬಂದಿದ್ದೇನೆ. ಆಫೀಸಿನಲ್ಲಿ ಒಬ್ಬರು ಇದು ಬಿಜೆಪಿ ಕೋಟೆ ಅಂತಾರೆ. ಇನ್ನೊಬ್ಬರು ಆ ಕಾಲ ಮುಗೀತು ಅಂತಾರೆ. ಈ ಊರು ನಿಜಕ್ಕೂ ಯಾರ ಕಡೆ?
– ಓದುಗರು, ಕಲ್ಯಾಣ ನಗರ

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಎಂಪಿ ಚುನಾವಣೆ ಇಟ್ಟುಕೊಂಡು ಮಾತಾಡುತ್ತಿದ್ದಾರೆ, ಇನ್ನೊಬ್ಬರು ಎಂಎಲ್ಎ ಚುನಾವಣೆ. 2023ರ ಮೇ ತಿಂಗಳಲ್ಲಿ ಜಿಲ್ಲೆಯ ಐದಕ್ಕೆ ಐದೂ ಸೀಟು ಕಾಂಗ್ರೆಸ್‌ಗೆ ಹೋದವು. 2004ರಿಂದ ಸತತ ನಾಲ್ಕು ಸಲ ಗೆದ್ದಿದ್ದ ಬಿಜೆಪಿಯ ಸಿ.ಟಿ. ರವಿ ಇಲ್ಲಿ ಆರು ಸಾವಿರದೊಳಗಿನ ಅಂತರದಲ್ಲಿ ಸೋತರು. ಸರಿಯಾಗಿ ಒಂದು ವರ್ಷ ಆಗಿರಲಿಲ್ಲ, 2024ರ ಏಪ್ರಿಲ್‌ನಲ್ಲಿ ಇದೇ ಜನ ಲೋಕಸಭೆಗೆ ವೋಟು ಹಾಕಿದರು, ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ದೆಹಲಿಗೆ ಒಂದು, ಬೆಂಗಳೂರಿಗೆ ಇನ್ನೊಂದು. ಜನಕ್ಕೆ ಇದರಲ್ಲಿ ಗೊಂದಲವೇನೂ ಇಲ್ಲ, ಗೊಂದಲ ಇರೋದು ಲೆಕ್ಕ ಹಾಕುವ ನಮಗೆ.

2023ರಲ್ಲಿ ಗೆದ್ದ ಎಚ್.ಡಿ. ತಮ್ಮಯ್ಯ ಯಾರು ಅಂತ ನೋಡಿ. ಚುನಾವಣೆಗೆ ಕೆಲವೇ ತಿಂಗಳ ಹಿಂದೆ ಬಿಜೆಪಿ ಬಿಟ್ಟು ಕಾಂಗ್ರೆಸ್‌ಗೆ ಬಂದವರು, ರವಿಯವರ ಜೊತೆಯಲ್ಲೇ ಓಡಾಡಿದವರು. ಕ್ಷೇತ್ರದಲ್ಲಿ ಲಿಂಗಾಯತ ಮತ ದೊಡ್ಡದು, ತಮ್ಮಯ್ಯ ಆ ಸಮುದಾಯದವರು. ಅದರ ಮೇಲೆ ಜೆಡಿಎಸ್‌ಗೆ ತನ್ನದೇ ಅಭ್ಯರ್ಥಿ ಇದ್ದರೂ ಆ ಪಕ್ಷದ ಎಂಎಲ್‌ಸಿ ಎಸ್.ಎಲ್. ಭೋಜೇಗೌಡರು ತಮ್ಮಯ್ಯ ಪರ ಬಹಿರಂಗವಾಗಿ ನಿಂತರು. ಗ್ಯಾರಂಟಿ ಗಾಳಿ ಇತ್ತು ನಿಜ, ಆದರೆ ಊರಿನ ಮನಸ್ಸೇ ಬದಲಾಯಿತು ಅಂತ ಬರೆದವರೆಲ್ಲ ಈ ಲೋಕಲ್ ಲೆಕ್ಕ ಬಿಟ್ಟುಬಿಟ್ಟರು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಚಿಕ್ಕಮಗಳೂರು ವಿಧಾನಸಭಾ ಕ್ಷೇತ್ರ ಅಂದರೆ ಬರೀ ಪೇಟೆಯಲ್ಲ. ಸುತ್ತಲಿನ ಹಳ್ಳಿಗಳು, ಕಾಫಿ ತೋಟದ ಲೈನ್ ಮನೆಗಳು, ಆ ಕಡೆ ಬಯಲುಸೀಮೆಯ ಸಖರಾಯಪಟ್ಟಣದವರೆಗೂ ಇದೆ. ಎಂಎಲ್ಎ ಸೋತರೆ ಪೇಟೆ ಸೋಲಿಸಿತು ಅನ್ನೋಕಾಗಲ್ಲ. ಪೇಟೆಯೊಂದರದ್ದೇ ಬೇಕು ಅಂದರೆ ನಗರಸಭೆ ನೋಡಿ: 2021ರ ಕೊನೆಯಲ್ಲಿ 35 ವಾರ್ಡ್‌ಗಳ ಪೈಕಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬಿಜೆಪಿಗೆ ಬಂದವು. ಕೋಟೆ ಅಂತ ಕರೆಯೋಕೆ ಗೋಡೆ ತುಸು ತೆಳುವಾಯಿತು, ಅಲ್ವಾ?

ಪ್ರಶ್ನೆ: ಇಂದಿರಾ ಗಾಂಧಿಯನ್ನೇ ಗೆಲ್ಲಿಸಿದ ಊರು ಇದು. ಬಿಜೆಪಿ ಕಡೆ ಯಾವಾಗ ತಿರುಗಿತು?
– ಓದುಗರು, ಬಸವನಹಳ್ಳಿ

ಉತ್ತರ: 1978ರ ಉಪಚುನಾವಣೆಯಲ್ಲಿ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಇಂದಿರಾ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಕಾಂಗ್ರೆಸ್ ಬಲ ಇಪ್ಪತ್ತು ವರ್ಷದಲ್ಲಿ ಕರಗಿತು. ಬಾಬಾಬುಡನ್‌ಗಿರಿ ದತ್ತಪೀಠದ ವಿವಾದ ಬಿಸಿಯೇರಿದ ಕಾಲದಲ್ಲೇ, 1998ರಲ್ಲಿ, ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ ಇಲ್ಲಿಂದ ಸಂಸದರಾದರು, 1999 ಮತ್ತು 2004ರಲ್ಲೂ ಗೆದ್ದರು. ತಮಾಷೆ ಏನೆಂದರೆ, ಅದೇ 1999ರಲ್ಲಿ ಎಂಎಲ್ಎ ಸೀಟು ಮಾತ್ರ ಕಾಂಗ್ರೆಸ್‌ನ ಸಿ.ಆರ್. ಸಗೀರ್ ಅಹ್ಮದ್ ಅವರಿಗೆ ಹೋಯಿತು. ಅವತ್ತೂ ಎರಡು ದಾರಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ನೋಡೋಕಾಗುತ್ತಾ?
– ಓದುಗರು, ಉಪ್ಪಳ್ಳಿ

ಉತ್ತರ: ಬೀದಿಯದ್ದು ಆಗಲ್ಲ, ಬೂತಿನದ್ದು ಆಗುತ್ತೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ‘ನಮೂನೆ 20’ ಅಂತ ಹುಡುಕಿ. ಒಂದೊಂದು ಸಾಲಿಗೆ ಒಂದೊಂದು ಮತಗಟ್ಟೆ, ಪಕ್ಕದಲ್ಲಿ ಪ್ರತಿ ಅಭ್ಯರ್ಥಿಯ ಮತ, ನೋಟಾ ಸಮೇತ. ಅಂಚೆ ಮತ ಮಾತ್ರ ಕೊನೆಯಲ್ಲಿ ಒಟ್ಟಾಗಿ ಇರುತ್ತೆ. ಹಾಳೆಯಲ್ಲಿ ಬರೀ ನಂಬರ್ ಕಂಡರೆ ಗಾಬರಿಯಾಗಬೇಡಿ, ಆ ನಂಬರ್ ಯಾವ ಶಾಲೆಯ ಯಾವ ಕೊಠಡಿ ಅಂತ ಮತದಾರರ ಪಟ್ಟಿಯ ಮೊದಲ ಪುಟದಲ್ಲಿರುತ್ತೆ. ಚುನಾವಣೆಯಿಂದ ಚುನಾವಣೆಗೆ ನಂಬರ್ ಬದಲಾಗಬಹುದು, ಹಾಗಾಗಿ ಹೋಲಿಸುವಾಗ ಶಾಲೆ ಹೆಸರು ಹಿಡಿದು ಹೋಲಿಸಿ.

ಇದು ನಮಗೆ ಕುತೂಹಲ, ಪಕ್ಷದವರಿಗೆ ಆಯುಧ. ‘ನಿಮ್ಮ ಬೂತಲ್ಲಿ ನಮಗೆಷ್ಟು ಬಂತು ಗೊತ್ತು’ ಅನ್ನೋ ಮಾತು ಚರಂಡಿ ರಿಪೇರಿ ಕೇಳಲು ಹೋದವರ ಕಿವಿಗೆ ಬೀಳುವುದು ಹೊಸತೇನಲ್ಲ. ಹಲವು ಬೂತ್‌ಗಳ ಮತ ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಪಕ್ಷಕ್ಕೂ ಅದರ ಬಗ್ಗೆ ಆತುರ ಇದ್ದ ಹಾಗೆ ಕಾಣಲ್ಲ.

ಪ್ರಶ್ನೆ: ನಾವು ಚಿಕ್ಕಮಗಳೂರು ಜಿಲ್ಲೆಯವರು, ಎಂಪಿ ಮಾತ್ರ ಹಾಸನದವರು. ಇದೇನು ಸರ್?
– ಓದುಗರು, ಕಡೂರು

ಉತ್ತರ: 2008ರ ಕ್ಷೇತ್ರ ಮರುವಿಂಗಡಣೆಯ ಕೊಡುಗೆ. ಹಳೆಯ ಚಿಕ್ಕಮಗಳೂರು ಕ್ಷೇತ್ರ ಉಡುಪಿ ಜೊತೆ ಸೇರಿತು, ಕಡೂರು ಹಾಸನಕ್ಕೆ ಹೋಯಿತು. ದೇವೇಗೌಡರ ಮನೆಯ ಕ್ಷೇತ್ರ ಅಂತ ಬೇಸರ ಬೇಡ, ಅಲ್ಲೂ ಮಗುಚಿದ್ದುಂಟು. 1999ರಲ್ಲಿ ದೇವೇಗೌಡರನ್ನು ಕಾಂಗ್ರೆಸ್‌ನ ಜಿ. ಪುಟ್ಟಸ್ವಾಮಿಗೌಡರು ಸೋಲಿಸಿದರು, 2024ರಲ್ಲಿ ಅವರ ಮೊಮ್ಮಗ ಶ್ರೇಯಸ್ ಪಟೇಲ್ ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣರನ್ನು ಸೋಲಿಸಿದರು. ಅದಕ್ಕೆ ನಿಮ್ಮ ಕಡೂರಿನ ವೋಟೂ ಲೆಕ್ಕಕ್ಕೆ ಬಂತು.